ತಾಸಿಗೆ ಮೊದಲೇ ಕೈಗೆ ಬರಬೇಕಾದ ಹಾಳೆ



ಪಾಠಕ್ಕೆ ಮೊದಲೇ ಅದರ ನೋಟ್ಸನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕೆ, ಬೇಡವೆ? ದತ್ತಿ ಉಪನ್ಯಾಸಕ್ಕೆ ಇದು ತೀರ ಸಣ್ಣ ವಿಷಯವಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಪಿಯು ಮತ್ತು ಪದವಿ ಕಾಲೇಜುಗಳಲ್ಲಿ ಒಂದು ತಾಸು ಯಾವುದಕ್ಕೆ ಖರ್ಚಾಗುತ್ತದೆ ಎಂಬುದೆಲ್ಲ ಈ ಪ್ರಶ್ನೆಯೊಳಗೇ ಇದೆ. ನನ್ನ ಉತ್ತರವನ್ನು ಮುಚ್ಚಿಡದೆ ಹೇಳುತ್ತೇನೆ: ಕೊಡಬೇಕು. ಪಾಠವನ್ನು ಕೇಳುವುದಕ್ಕೆ ಏನು ಬೇಕೋ ಅದನ್ನು ಮೊದಲೇ ಕೊಡಬೇಕು. ಪಾಠದ ತಿರುಳನ್ನು ತಾಸಿನಲ್ಲಿ ಎಲ್ಲರೂ ಕೂಡಿ ಬಿಡಿಸಬೇಕು. ಕೊನೆಯ ನೋಟ್ಸನ್ನು ವಿದ್ಯಾರ್ಥಿಯೇ ತನ್ನ ಕೈಯಿಂದ ಬರೆಯಬೇಕು. ಈ ಮೂರೂ ಈಗ ತಿರುವುಮುರುವಾಗಿವೆ.

ಈಗ ನಡೆಯುವುದು ನಿಮಗೆಲ್ಲ ಗೊತ್ತು. ಹಾಜರಿ ಮುಗಿಯುತ್ತದೆ. "ಬರ್ಕೋರಿ" ಎಂಬ ಮಾತು ಬರುತ್ತದೆ. ಅಲ್ಲಿಂದ ಗಂಟೆ ಬಾರಿಸುವವರೆಗೆ ಸರು ಹೇಳುತ್ತಾರೆ, ಹುಡುಗರು ಬರೆಯುತ್ತಾರೆ. ಮನುಷ್ಯನ ಮಾತು ನಿಮಿಷಕ್ಕೆ ನೂರು ಪದಗಳನ್ನು ಸುಲಭವಾಗಿ ದಾಟುತ್ತದೆ. ಕೈಬರಹ ಅದರ ಕಾಲುಭಾಗ ಓಡಿದರೆ ಹೆಚ್ಚು. ಹಾಗಾಗಿ ಸರು ತಮ್ಮ ಮಾತನ್ನು ಪೆನ್ನಿನ ನಡಿಗೆಗೆ ಇಳಿಸಿಕೊಳ್ಳುತ್ತಾರೆ. ಒಂದು ವಾಕ್ಯವನ್ನು ಎರಡು ಸಲ, ಅರ್ಧವಿರಾಮ ಪೂರ್ಣವಿರಾಮಗಳ ಸಮೇತ ಹೇಳುತ್ತಾರೆ. ಹಿಂದಿನ ಬೆಂಚಿನಿಂದ "ಸರ, ಇನ್ನೊಮ್ಮೆ ಹೇಳ್ರಿ" ಎಂಬ ದನಿ ಬಂದರೆ ಅದು ಅರ್ಥವಾಗದ್ದಕ್ಕೆ ಬಂದದ್ದಾಗಿರುವುದಿಲ್ಲ, ಬರೆಯುವುದು ತಪ್ಪಿಹೋದದ್ದಕ್ಕೆ ಬಂದದ್ದಾಗಿರುತ್ತದೆ. ವಿಷಯದಲ್ಲಿ ಮುಳುಗಿದ ಅಧ್ಯಾಪಕರು, ಚುರುಕಾದ ಮಕ್ಕಳು, ಐವತ್ತು ಚಿಲ್ಲರೆ ನಿಮಿಷ: ಎಲ್ಲ ಇದ್ದೂ ಆ ಕೋಣೆಯಲ್ಲಿ ಯಾರಿಗೂ ಯೋಚಿಸಲು ಬಿಡುವಿಲ್ಲ.

ಈ ರೂಢಿಯನ್ನು ಸೋಮಾರಿತನ ಎಂದು ಕರೆಯುವವರ ಜೊತೆ ನಾನು ಸೇರಲಾರೆ. ನೋಟ್ಸ್ ಬರೆಸುವುದು ಹುಟ್ಟಿದ್ದು ಪುಸ್ತಕದ ಬರದಿಂದ. ಲೈಬ್ರರಿಯಲ್ಲಿ ಒಂದೇ ಪ್ರತಿ ಇದ್ದ ಪುಸ್ತಕವನ್ನು ಅಧ್ಯಾಪಕರು ರಾತ್ರಿ ಓದಿ, ಸಾರ ಮಾಡಿ, ಬೆಳಿಗ್ಗೆ ಎಂಬತ್ತು ಮಕ್ಕಳ ವಹಿಗಳಿಗೆ ಇಳಿಸುತ್ತಿದ್ದರು. ಆ ವಹಿಯೇ ಮನೆಯ ಮೊದಲ ಕಾಲೇಜು ಪುಸ್ತಕವಾಗಿದ್ದ ಕುಟುಂಬಗಳು ಈ ಸಭೆಯಲ್ಲೂ ಇವೆ. ತೀರ ಈಚೆಗೂ ಆ ಬರ ಮರುಕಳಿಸಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ಕ್ಕೆ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸಿಲೆಬಸ್ ಬದಲಾದಾಗಲೆಲ್ಲ ಪುಸ್ತಕ ಹಿಂದೆ ಬೀಳುತ್ತದೆ, ಸೆಮಿಸ್ಟರ್ ಮುಂದೆ ಓಡುತ್ತದೆ, ನಡುವಿನ ಕಂದಕವನ್ನು ಅಧ್ಯಾಪಕರ ನೋಟ್ಸೇ ತುಂಬುತ್ತದೆ.

ಆದರೆ ಪುಸ್ತಕವನ್ನು ಕೈಯಿಂದ ನಕಲು ಮಾಡಿಸುವ ಅಗತ್ಯ ಈಗ ಉಳಿದಿಲ್ಲ. ಹಿಂದಿನ ವರ್ಷದ ಅಕ್ಕನ ವಹಿಯ ಝೆರಾಕ್ಸ್, ವಾಟ್ಸ್ಆ್ಯಪ್ ಗುಂಪಿನ ಪಿಡಿಎಫ್, ಬಜಾರದ ಗೈಡು, ಯೂಟ್ಯೂಬಿನ ಪಾಠ ಇವುಗಳಲ್ಲಿ ಯಾವುದಾದರೊಂದು ತಾಸಿಗೆ ಮೊದಲೇ ಮಕ್ಕಳ ಕೈಯಲ್ಲಿರುತ್ತದೆ. ಹಾಗಾಗಿ ಕೊಡಬೇಕೆ ಬೇಡವೆ ಎಂದು ನಾವು ಚರ್ಚೆ ಮಾಡುತ್ತಿರುವಾಗಲೇ ನೋಟ್ಸ್ ತಲುಪಿ ಆಗಿದೆ. ಯಾರು ಬರೆದ ನೋಟ್ಸ್, ಎಷ್ಟು ಸರಿಯಾದದ್ದು, ಯಾವ ಊರಿನ ಮಗುವನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು ಎಂಬುದಷ್ಟೇ ನಮ್ಮ ಕೈಯಲ್ಲಿ ಉಳಿದಿದೆ.

ಆ ಮಗು ಯಾರು ಎಂದು ಸ್ವಲ್ಪ ನಿಂತು ನೋಡೋಣ. ನಮ್ಮ ವಿಜಯಪುರ ಜಿಲ್ಲೆಯ ಬಬಲೇಶ್ವರದ ಕಡೆಯ ಒಂದು ಹಳ್ಳಿಯ ಹುಡುಗಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ತೆಗೆದು, ನಗರದ ಕಾಲೇಜಿನಲ್ಲಿ ಪಿಯು ವಿಜ್ಞಾನಕ್ಕೆ ಸೇರುತ್ತಾಳೆ ಎಂದುಕೊಳ್ಳಿ. ಜವ, ವೇಗ, ಸ್ಥಾನಪಲ್ಲಟ, ವೇಗೋತ್ಕರ್ಷ ಎಲ್ಲ ಅವಳಿಗೆ ಚೆನ್ನಾಗಿ ಗೊತ್ತು. ಲೆಕ್ಕ ಮಾಡಿದ್ದಾಳೆ, ನಕ್ಷೆ ಎಳೆದಿದ್ದಾಳೆ. ಮೊದಲ ವಾರದ ತರಗತಿಯಲ್ಲಿ ಸ್ಪೀಡ್, ವೆಲಾಸಿಟಿ, ಡಿಸ್‌ಪ್ಲೇಸ್‌ಮೆಂಟ್, ಆಕ್ಸಲರೇಶನ್ ಎಂದು ಬೋರ್ಡಿನ ಮೇಲೆ ಬಂದಾಗ ಇವು ತನ್ನ ಹಳೆಯ ಪರಿಚಿತರೇ ಎಂದು ಅವಳಿಗೆ ಹೇಳುವವರಿಲ್ಲ. ಪದ ಹಿಡಿಯುವಷ್ಟರಲ್ಲಿ ವಾಕ್ಯ ಮುಂದೆ ಹೋಗಿರುತ್ತದೆ. ಮೂರು ವಾರದಲ್ಲಿ ಅವಳು ಒಂದು ತೀರ್ಮಾನಕ್ಕೆ ಬರುತ್ತಾಳೆ: ವಿಜ್ಞಾನ ನನಗಲ್ಲ. ಅವಳು ವಿಜ್ಞಾನದಲ್ಲಿ ಸೋತಿಲ್ಲ. ನಾಲ್ಕು ಪದಗಳು ಒಂದು ದಿನ ತಡವಾಗಿ ತಲುಪಿವೆ, ಅಷ್ಟೇ. ಹಿಂದಿನ ಸಂಜೆಯೇ ಎರಡೂ ಭಾಷೆಯ ಪದಗಳಿರುವ ಒಂದು ಹಾಳೆ ಅವಳ ಕೈಯಲ್ಲಿದ್ದಿದ್ದರೆ ಆ ತಾಸಿನಲ್ಲಿ ಅವಳು ಕೈ ಎತ್ತುತ್ತಿದ್ದಳು. ಇಷ್ಟು ಸಣ್ಣ ಕಾರಣಕ್ಕೆ ನಮ್ಮ ಹಳ್ಳಿಗಳು ಎಷ್ಟು ವಿಜ್ಞಾನಿಗಳನ್ನು ಕಳೆದುಕೊಂಡಿರಬಹುದು ಎಂದು ಯೋಚಿಸಿದಾಗ ನನಗೆ ಸಂಕಟವಾಗುತ್ತದೆ.

ಬಸ್ಸಿನ ಮಾತನ್ನೂ ಸೇರಿಸಬೇಕು. 2023ರ ಜೂನ್ 11ರಿಂದ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಮನೆಯಿಂದಲೇ ಓಡಾಡಿ ಓದುವುದು ಸಾಧ್ಯವಾಗಿದೆ.   ಆದರೆ ಬಸ್ಸು ತಪ್ಪಿದರೆ ಮೊದಲ ತಾಸು ತಪ್ಪಿತು. ದ್ರಾಕ್ಷಿ ಕಟಾವಿನ ದಿನಗಳಲ್ಲಿ, ಅಂದರೆ ಫೆಬ್ರುವರಿ ಮಾರ್ಚಿನಲ್ಲಿ, ಮನೆಯ ಕೆಲಸಕ್ಕೆ ನಿಂತವರಿಗೆ ವಾರವೇ ತಪ್ಪುತ್ತದೆ. ಮುಂದಿನ ಪಾಠದ ಹಾಳೆ ಕೈಯಲ್ಲಿದ್ದರೆ ಅವರು ತಪ್ಪಿಸಿಕೊಂಡ ಜಾಗವನ್ನಾದರೂ ಗುರುತು ಹಿಡಿಯಬಲ್ಲರು.

ಇಲ್ಲಿ ಹಿರಿಯರೊಬ್ಬರು ಎದ್ದು ಕೇಳಬಹುದು: ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳಲು ಸಾವಿರಾರು ಜನ ಬರುತ್ತಿದ್ದರಲ್ಲ, ಅವರಿಗೆಲ್ಲ ಯಾರು ನೋಟ್ಸ್ ಹಂಚಿದ್ದರು? ಈ ಪ್ರಶ್ನೆಯನ್ನು ನಾನು ಗೌರವದಿಂದ ತೆಗೆದುಕೊಳ್ಳುತ್ತೇನೆ. ಅದರ ಉತ್ತರ ಅವರ ಬದುಕಿನಲ್ಲೇ ಇದೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಅವರು ತಾರುಣ್ಯದಲ್ಲಿ ಗುರು ಮಲ್ಲಿಕಾರ್ಜುನ ಸ್ವಾಮೀಜಿಯವರ ಬಳಿ ಕೂತು ಕೇಳಿದರು. ಹತ್ತೊಂಬತ್ತನೆಯ ವಯಸ್ಸಿಗೆ, ಗುರುಗಳ ಪ್ರವಚನಗಳನ್ನು ಸಂಗ್ರಹಿಸಿ ಸಿದ್ಧಾಂತ ಶಿಖಾಮಣಿ ಎಂಬ ಗ್ರಂಥವಾಗಿ ಹೊರತಂದರು. ಈ ಕ್ರಮವನ್ನು ಗಮನಿಸಿ. ಸಿದ್ಧಾಂತ ಶಿಖಾಮಣಿ ಎಂಬ ಮೂಲ ಮೊದಲೇ ಇತ್ತು. ಗುರು ಅದರ ಮೇಲೆ ಮಾತಾಡಿದರು. ಟಿಪ್ಪಣಿಯನ್ನು ಶಿಷ್ಯ ಬರೆದರು. ಗುರು ತಮ್ಮ ವ್ಯಾಖ್ಯಾನವನ್ನು ಅಕ್ಷರ ಅಕ್ಷರ ಬರೆಸುತ್ತ ಕೂತಿದ್ದರೆ ಪುಸ್ತಕವೊಂದು ಬರುತ್ತಿತ್ತೇನೋ, ಆದರೆ 2023ರ ಜನವರಿಯವರೆಗೆ ಈ ನಾಡು ಕೇಳಿದ ಆ ಮಾತುಗಾರ ಹುಟ್ಟುತ್ತಿದ್ದರೇ? ನಮ್ಮ ಹಳೆಯ ಪಾಠಪದ್ಧತಿಯೆಲ್ಲ ಹೀಗೇ ಇತ್ತು. ಅಮರಕೋಶ ಬಾಯಿಗೆ ಬಂದ ಮೇಲೆಯೇ ಅದರ ವಿಚಾರ ಶುರು. ಮೂಲ ಎದುರಿಗಿಲ್ಲದೆ ವ್ಯಾಖ್ಯಾನಕ್ಕೆ ಯಾರೂ ಕೂರುತ್ತಿರಲಿಲ್ಲ.

ಫ.ಗು. ಹಳಕಟ್ಟಿಯವರು ಮಾಡಿದ್ದೂ ಇನ್ನೊಂದು ರೀತಿಯಲ್ಲಿ ಮೂಲವನ್ನು ಮೊದಲು ಕೈಗೆ ಕೊಡುವ ಇದೇ ಕೆಲಸ. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಗಲ್ಲು ಹಾಕಿದ ಆ ವಕೀಲರು ಊರೂರು ಅಲೆದು ತಾಡೋಲೆ ಕೂಡಿಸಿ, 1923ರಲ್ಲಿ ವಚನ ಶಾಸ್ತ್ರ ಸಾರದ ಮೊದಲ ಭಾಗ ಹೊರತಂದರು. ಮುದ್ರಣಕ್ಕಾಗಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಮಠದ ಕಟ್ಟುಗಳಲ್ಲಿದ್ದ ಮೂಲ ಓದುಗರ ಕೈಗೆ ಬಂದ ಮೇಲೆ ವಚನಗಳ ಬಗ್ಗೆ ನಿಜವಾದ ಚರ್ಚೆ ಬೆಳೆಯಿತು.

ಮುಂಚಿತವಾಗಿ ನೋಟ್ಸ್ ಕೊಟ್ಟರೆ ಮಕ್ಕಳು ತರಗತಿಗೇ ಬರುವುದಿಲ್ಲ ಎಂಬುದು ಈ ವಿಷಯದಲ್ಲಿ ಅತಿ ಹೆಚ್ಚು ಕೇಳಿಬರುವ ಆಕ್ಷೇಪ. ಅದು ಪೊಳ್ಳು ಭಯವಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ತಮ್ಮ ಅನುಭವವನ್ನು 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಅವರು ಬಹಳ ಶ್ರಮಪಟ್ಟು ನೋಟ್ಸ್ ಸಿದ್ಧಮಾಡಿ ಮಕ್ಕಳಿಗೆ ಹಂಚುತ್ತಿದ್ದರು, ಅದನ್ನೇ ಪಾಠ ಮಾಡುತ್ತಿದ್ದರು. ಸೆಮಿಸ್ಟರಿನ ಕೊನೆಗೆ ಕೆಲವು ಮಕ್ಕಳು 'ಇವರು ಕೊಟ್ಟ ನೋಟ್ಸನ್ನೇ ಒಪ್ಪಿಸುತ್ತಾರೆ' ಎಂದು ದೂರು ಬರೆದರು. ಮೊದಲು ಅವರಿಗೆ ಸಿಟ್ಟು ಬಂತು. ಕೆಲವು ವರ್ಷಗಳ ಮೇಲೆ, ತಮ್ಮ ಮಕ್ಕಳು ಕಠಿಣ ಲೆಕ್ಕ ಬಿಡಿಸುತ್ತಾರೆ, ಆದರೆ ಬಲ, ಚಲನೆಯ ಬಗ್ಗೆ ಸರಳ ಪ್ರಶ್ನೆ ಕೇಳಿದರೆ ತಡವರಿಸುತ್ತಾರೆ ಎಂದು ತಿಳಿದಾಗ, ದೂರು ನಿಜ ಎಂದು ಒಪ್ಪಿಕೊಂಡರು. ತೊಂಬತ್ತರ ದಶಕದ ಆರಂಭದಿಂದ ಅವರು ಓದುವುದನ್ನು ತರಗತಿಗೆ ಮೊದಲೇ ಮಾಡಿ ಬನ್ನಿ ಎಂದರು. ತರಗತಿಯಲ್ಲಿ ಒಂದು ಪ್ರಶ್ನೆ ಇಡುವುದು, ಪ್ರತಿಯೊಬ್ಬರೂ ಉತ್ತರ ಆರಿಸುವುದು, ಪಕ್ಕದವರ ಜೊತೆ ವಾದ ಮಾಡುವುದು, ಮತ್ತೆ ಆರಿಸುವುದು. ಮಜೂರ್ ನೋಟ್ಸ್ ಹಂಚುವುದನ್ನು ಹಿಂತೆಗೆದುಕೊಂಡು ಮಕ್ಕಳನ್ನು ಹಿಡಿದಿಡಲಿಲ್ಲ. ತಾಸಿನ ಕೆಲಸವನ್ನೇ ಬದಲಿಸಿದರು. ಹಾಳೆಯಲ್ಲಿ ಇರುವುದನ್ನೇ ನಾವು ಓದಿ ಹೇಳುವುದಾದರೆ ಮಕ್ಕಳು ಯಾಕೆ ಬರಬೇಕು? ಬರದಿರುವ ಮಗು ನಮಗೇನೋ ಹೇಳುತ್ತಿದೆ. ಅದರ ಬಾಯಿಯನ್ನು ಹಾಜರಿ ಪುಸ್ತಕದಿಂದ ಮುಚ್ಚಿಸಬಾರದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬರೆಯುವುದೇ ಕಲಿಕೆ, ಎಲ್ಲವನ್ನೂ ಅಚ್ಚುಮಾಡಿ ಕೊಟ್ಟರೆ ಕೈ ನಿಂತಂತೆ ತಲೆಯೂ ನಿಲ್ಲುತ್ತದೆ ಎಂಬುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. 1972ರಲ್ಲಿ ಡಿ ವೆಸ್ಟಾ ಮತ್ತು ಗ್ರೇ ಎಂಬ ಸಂಶೋಧಕರು ಟಿಪ್ಪಣಿಗೆ ಎರಡು ಉಪಯೋಗಗಳಿವೆ ಎಂದು ವಿಂಗಡಿಸಿದರು: ಬರೆಯುವ ಹೊತ್ತಿನಲ್ಲೇ ವಿಷಯ ಮನಸ್ಸಿಗೆ ಇಳಿಯುವುದು ಒಂದು, ಆಮೇಲೆ ಓದಲು ದಾಖಲೆಯಾಗಿ ಉಳಿಯುವುದು ಇನ್ನೊಂದು. ಅಚ್ಚಾದ ಪೂರ್ಣ ನೋಟ್ಸ್ ಎರಡನೆಯದನ್ನು ಮಾತ್ರ ಕೊಡುತ್ತದೆ. ಡಿಕ್ಟೇಶನ್ ಮೊದಲನೆಯದನ್ನು ಕೊಡುತ್ತದೆ ಎಂದು ನಾವು ನಂಬಿದ್ದೇವೆ, ಆದರೆ ಕಿವಿಯಿಂದ ಕೈಗೆ ನೇರವಾಗಿ ಹರಿಯುವ ಬರಹಕ್ಕೆ ಮನಸ್ಸಿನ ಅಗತ್ಯ ಬೀಳುವುದೇ ಇಲ್ಲ. 2000ರಲ್ಲಿ ಕಟಾಯಾಮ ಮತ್ತು ರಾಬಿನ್ಸನ್ ನಡೆಸಿದ ಅಧ್ಯಯನದಲ್ಲಿ, ನಡುನಡುವೆ ಖಾಲಿ ಬಿಟ್ಟ ಅರೆ ನೋಟ್ಸ್ ಪಡೆದವರು, ಕಲಿತದ್ದನ್ನು ಹೊಸ ಸಂದರ್ಭಕ್ಕೆ ಅನ್ವಯಿಸುವ ಪ್ರಶ್ನೆಗಳಲ್ಲಿ, ಪೂರ್ಣ ನೋಟ್ಸ್ ಪಡೆದವರಿಗಿಂತ ಮುಂದಿದ್ದರು. ಹಾಗಾಗಿ ನಾನು ಹೇಳುವ ಹಾಳೆಯಲ್ಲಿ ಜಾಗ ಖಾಲಿ ಇರಬೇಕು. ಕ್ಲಿಷ್ಟ ಚಿತ್ರ ಅಚ್ಚಾಗಿರಲಿ, ಅದರ ಭಾಗಗಳ ಹೆಸರು ಖಾಲಿ ಇರಲಿ. ಇಸವಿಗಳು, ಅಳತೆಗಳು ಅಚ್ಚಾಗಿರಲಿ, ಕಾರಣಗಳ ಜಾಗ ಖಾಲಿ ಇರಲಿ. ಇತಿಹಾಸದ ತಾಸಿನಲ್ಲಿ ಗೋಳಗುಮ್ಮಟದ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್ ಎಂಬುದನ್ನು ಬರೆಸಲು ಎರಡು ನಿಮಿಷ ಯಾಕೆ ಕಳೆಯಬೇಕು? ಅದು ಹಾಳೆಯಲ್ಲಿರಲಿ. ಚೌಕಾಕಾರದ ಗೋಡೆಗಳ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿತು, ಒಂದನ್ನೊಂದು ಕತ್ತರಿಸುವ ಆ ಕಮಾನುಗಳು ಭಾರವನ್ನು ಹೇಗೆ ಹಂಚಿಕೊಂಡವು ಎಂಬುದಕ್ಕೆ ತಾಸು ಇರಲಿ.

ಅಂಥ ಒಂದು ಹಾಳೆಯನ್ನು ನನ್ನ ವಿಷಯವಾದ ರಸಾಯನಶಾಸ್ತ್ರದಿಂದಲೇ ತೋರಿಸುತ್ತೇನೆ. ಪಾಠ ಎಸ್ಟರ್‌ಗಳದು. ಗೈಡಿನಲ್ಲಿ ಇದು ವ್ಯಾಖ್ಯೆ, ಸಮೀಕರಣ, ಎರಡು ಉಪಯೋಗ. ತಿಕೋಟಾದ ಮಕ್ಕಳಿಗೆ ಮೂರು ದಿನ ಮೊದಲು ಕೊಡುವ ಹಾಳೆ ಹೀಗೆ ಶುರುವಾಗಲಿ: ನಿಮ್ಮ ಶೆಡ್ಡಿನಲ್ಲಿ ಒಣದ್ರಾಕ್ಷಿ ಮಾಡುವಾಗ ಹಣ್ಣನ್ನು ಯಾವ ದ್ರಾವಣದಲ್ಲಿ ಅದ್ದುತ್ತಾರೆ? ಡಬ್ಬಿಯ ಮೇಲೆ ಬರೆದದ್ದನ್ನು ನೋಡಿ ಬನ್ನಿ. ಒಂದು ಲೀಟರ್ ನೀರಿಗೆ ಎಷ್ಟು ಹಾಕುತ್ತಾರೆ, ಅಪ್ಪನನ್ನು ಕೇಳಿ ಬನ್ನಿ. ಅದ್ದದೆ ಹಾಗೆಯೇ ಒಣಗಿಸಿದರೆ ಎಷ್ಟು ದಿನ ಹೆಚ್ಚು ಬೇಕು, ಅಜ್ಜನನ್ನು ಕೇಳಿ ಬನ್ನಿ. ನಾಲ್ಕು ಕಿಲೊ ಹಣ್ಣಿನಿಂದ ಸುಮಾರು ಒಂದು ಕಿಲೊ ಮಣೂಕ ಬರುತ್ತದೆ; ಉಳಿದ ಮೂರು ಕಿಲೊ ಯಾವ ದಾರಿಯಿಂದ ಹೋಯಿತು? ಕೆಳಗೆ ಅರ್ಧ ಪುಟ ಖಾಲಿ.

ಮಕ್ಕಳು ತರಗತಿಗೆ ಬರುವಾಗ ಪಾಠವನ್ನು ಹೊತ್ತುಕೊಂಡೇ ಬರುತ್ತಾರೆ. ಲೀಟರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಎಂದು ಒಬ್ಬ ಹೇಳುತ್ತಾನೆ. ಇನ್ನೊಬ್ಬನ ಮನೆಯ ಅಳತೆ ಸ್ವಲ್ಪ ಬೇರೆ. ಡಿಪ್ಪಿಂಗ್ ಆಯಿಲ್ ಎಂದರೆ ಈಥೈಲ್ ಓಲಿಯೇಟ್, ಅಂದರೆ ಓಲಿಕ್ ಆಮ್ಲ ಮತ್ತು ಈಥೈಲ್ ಆಲ್ಕೊಹಾಲ್ ಸೇರಿ ಆದ ಎಸ್ಟರ್. ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ತೆಳು ಪದರವಿದೆ, ನೀರು ಹೊರಹೋಗದಂತೆ ತಡೆಯುವುದು ಅದೇ. ಈ ಎಸ್ಟರ್ ಮೇಣದ ಆ ಜೋಡಣೆಯನ್ನು ಸಡಿಲಿಸುತ್ತದೆ, ನೀರಿಗೆ ದಾರಿಯಾಗುತ್ತದೆ, ಎರಡು ವಾರದಷ್ಟರಲ್ಲಿ ನೆರಳಿನ ಬಲೆಯ ಮೇಲೆ ಹಣ್ಣು ಒಣಗುತ್ತದೆ. ಇಷ್ಟನ್ನು ಹುಡುಗರ ಬಾಯಿಂದಲೇ ಹೊರಡಿಸಿದ ಮೇಲೆ ಸಮೀಕರಣ ಬರೆದರೆ ಅದು ಅವರ ಮನೆಯ ಸಮೀಕರಣ. ಹಿಂದಿನ ಬೆಂಚಿನ ಹುಡುಗ, ಇಂಗ್ಲಿಷಿನಲ್ಲಿ ಬಾಯಿ ಬಿಡಲು ಅಂಜುವವನು, ಆ ದಿನ ಇಡೀ ಕ್ಲಾಸಿಗೆ ಪಾಠ ಹೇಳುತ್ತಾನೆ.

ಬಬಲೇಶ್ವರದ ಕಡೆಗೆ ಭೌತಶಾಸ್ತ್ರದವರು ಇದೇ ರೀತಿ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೆಲಸ ಮತ್ತು ಶಕ್ತಿಯ ಪಾಠ ಶುರು ಮಾಡಬಹುದು. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು 9.8 ಲಕ್ಷ ಜೂಲ್ ಬೇಕು. ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್. ಸೂತ್ರ ಹಾಳೆಯಲ್ಲಿರಲಿ, ಕೃಷ್ಣೆಯ ನೀರು ತಮ್ಮ ಹೊಲಕ್ಕೆ ಹತ್ತಿಬರಲು ಎಷ್ಟು ಕರೆಂಟ್ ಬೇಕೆಂಬ ಲೆಕ್ಕ ತಾಸಿನಲ್ಲಾಗಲಿ.

ಪರೀಕ್ಷೆಯ ಮಾತು ಬಿಟ್ಟರೆ ನಾನು ಪ್ರಾಮಾಣಿಕನಾಗುವುದಿಲ್ಲ. ಎಲ್ಲಿಯವರೆಗೆ ಪ್ರಶ್ನೆಪತ್ರಿಕೆ ನೋಟ್ಸನ್ನೇ ಮರಳಿ ಕೇಳುತ್ತದೋ ಅಲ್ಲಿಯವರೆಗೆ ಮಕ್ಕಳು ಪೂರ್ಣ ಉತ್ತರವನ್ನೇ ಬೇಡುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ನಪಾಸಾಗುವ ಅಂಚಿನಲ್ಲಿರುವ ಮಗುವಿಗೆ ಪರೀಕ್ಷೆಗೆ ಮುಂಚೆ ಕೊಡುವ ಪಾಸಿಂಗ್ ಪ್ಯಾಕೇಜನ್ನೂ ನಾನು ಹೀಗಳೆಯುವುದಿಲ್ಲ. ಮುಳುಗುವವರಿಗೆ ಮೊದಲು ಕೈ ಕೊಡಬೇಕು. ಆದರೆ ಅದು ವರ್ಷದ ಕೊನೆಯ ಔಷಧ. ವರ್ಷವಿಡೀ ಅದನ್ನೇ ಉಣ್ಣಿಸಬಾರದು. ಆಂತರಿಕ ಮೌಲ್ಯಮಾಪನ ನಮ್ಮ ಕೈಯಲ್ಲೇ ಇದೆ. ಅಲ್ಲಿ ಒಂದಾದರೂ ಪ್ರಶ್ನೆಯನ್ನು ಹಾಳೆಯ ಖಾಲಿ ಜಾಗದಿಂದ ಕೇಳಲು ಯಾವ ವಿಶ್ವವಿದ್ಯಾಲಯದ ಅನುಮತಿಯೂ ಬೇಕಿಲ್ಲ.

ಕಿವಿ ಮಂದವಿರುವ, ಕಣ್ಣು ಕಾಣದ, ವೇಗವಾಗಿ ಬರೆಯಲಾರದ ಮಕ್ಕಳ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅವರಿಗೆ ಎಲ್ಲರ ಜೊತೆ ಕೂತು ಕಲಿಯುವ ಹಕ್ಕನ್ನೂ ಅದಕ್ಕೆ ಬೇಕಾದ ಅನುಕೂಲವನ್ನೂ ಕೊಟ್ಟಿದೆ. ತುಟಿ ನೋಡಿ ಮಾತು ಹಿಡಿಯುವ ಹುಡುಗಿ ವಹಿಯ ಕಡೆ ತಲೆ ಬಗ್ಗಿಸಿದ ಕ್ಷಣ ಪಾಠ ಕಳೆದುಕೊಳ್ಳುತ್ತಾಳೆ. ಅವಳಿಗೆ ಮುಂಚಿತವಾಗಿ ಬರುವ ಹಾಳೆ ಯಾರ ಕೃಪೆಯೂ ಅಲ್ಲ.

ಇಷ್ಟು ಹಾಳೆಗಳನ್ನು ಬರೆಯುವವರು ಯಾರು? ಇದು ನ್ಯಾಯವಾದ ಪ್ರಶ್ನೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ನಡೆಸುತ್ತಿರುವವರಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರಿದ್ದಾರೆ. ಎಷ್ಟೋ ಸಲ ಸೆಮಿಸ್ಟರ್ ಶುರುವಾದ ಮೇಲೆ ಅವರ ನೇಮಕವಾಗುತ್ತದೆ, ಮುಂದಿನ ವರ್ಷ ಅದೇ ಕಾಲೇಜು ಎಂಬ ಭರವಸೆಯಿಲ್ಲ. ಅವರ ಮೇಲೆ ಇನ್ನೊಂದು ಹೊರೆ ಹೇರಿ ಅದನ್ನು ಸುಧಾರಣೆ ಎಂದು ಕರೆಯಲಾಗದು. ಹಾಳೆಗಳು ವಿಭಾಗದವಾಗಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲಿ, ಮಕ್ಕಳು ಎಲ್ಲಿ ಎಡವಿದರೆಂಬುದನ್ನು ಅದರ ಹಿಂಬದಿಗೆ ಗುರುತು ಹಾಕಲಿ, ಬರೆದವರ ಹೆಸರು ಅದರ ಮೇಲೆ ಉಳಿಯಲಿ. ಆಗ ಆಗಸ್ಟಿನಲ್ಲಿ ಹೊಸದಾಗಿ ಬಂದ ಉಪನ್ಯಾಸಕಿಗೆ ಮೊದಲ ದಿನವೇ ಹಿಡಿಯಲು ಒಂದು ಎಳೆ ಸಿಗುತ್ತದೆ.

ಖರ್ಚಿನ ಬಗ್ಗೆ ಈ ದತ್ತಿಯ ಟ್ರಸ್ಟಿಗಳ ಮುಂದೆ ಒಂದು ಮನವಿ ಇಡುತ್ತೇನೆ. ನಮ್ಮ ಜಿಲ್ಲೆಗೆ ವಿದ್ಯಾದತ್ತಿ ಹೊಸದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ 945ನೆಯ ಇಸವಿಯದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗೆ 27 ಮನೆಗಳಿದ್ದವು. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿ ಬಿಟ್ಟಿದ್ದರು. ಗುರುವಿನ ಎದುರು ಕೂತ ಹೊತ್ತಿನ ಜೊತೆಗೆ ಮಕ್ಕಳು ತಾವೇ ಓದುವ ರಾತ್ರಿಗೂ ಹಣ ಬೇಕೆಂದು ಆ ದಾನಿಗಳಿಗೆ ಗೊತ್ತಿತ್ತು. ಇಂದಿನ ಲೆಕ್ಕ ಇನ್ನೂ ಹಗುರ. ಅರವತ್ತು ಮಕ್ಕಳ ಒಂದು ತರಗತಿ, ಒಂದು ಪತ್ರಿಕೆಗೆ ಸೆಮಿಸ್ಟರಿಗೆ ನಲವತ್ತು ಹಾಳೆ ಎಂದರೆ 2,400 ಪ್ರತಿ. ಝೆರಾಕ್ಸಿಗೆ ಒಂದು ರೂಪಾಯಿಯಂತೆ ಹಿಡಿದರೂ 2,400 ರೂಪಾಯಿ. ಮನೆಯಲ್ಲಿ ಒಂದೇ ಫೋನ್ ಇದ್ದು ಅದು ಅಣ್ಣನ ಕಿಸೆಯಲ್ಲಿರುವ ಹುಡುಗಿಗೆ ಪಿಡಿಎಫ್ ಕಳಿಸಿ ಉಪಯೋಗವಿಲ್ಲ, ಕಾಗದವೇ ಬೇಕು. ಬರುವ ಸೆಮಿಸ್ಟರಿನಲ್ಲಿ ತಿಕೋಟಾ ಮತ್ತು ಬಬಲೇಶ್ವರಗಳಲ್ಲಿ ಒಂದೊಂದು ತರಗತಿ, ಒಂದೊಂದು ಪತ್ರಿಕೆ ಆರಿಸಿ, ದತ್ತಿಯ ಬಡ್ಡಿಯಿಂದ ಇದನ್ನು ನಡೆಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ರಸಾಯನಶಾಸ್ತ್ರದ ಮೊದಲ ಘಟಕದ ಹಾಳೆಗಳನ್ನು ನಾನು ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಅಧ್ಯಾಪಕ ಮಿತ್ರರು ಅವನ್ನು ತೆಗೆದುಕೊಂಡು, ಸರಿಯಿಲ್ಲದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿ ನನಗೆ ಮರಳಿಸಬೇಕು.